ಪದಬಂಧವೂ ಒಂದು ಪಾಠಶಾಲೆ

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಕಾರ್ಯದರ್ಶಿಯವರು ನನ್ನನ್ನು ಕರೆದು, "ಸರ್, ಮಕ್ಕಳಿಗೆ ಉಪಯೋಗವಾಗುವಂಥದ್ದು ಏನಾದರೂ ಮಾತನಾಡಿ" ಎಂದರು. ಶಿಕ್ಷಣದ ಮಹತ್ವದ ಬಗ್ಗೆ ನನಗಿಂತ ಚೆನ್ನಾಗಿ ಮಾತನಾಡುವವರು ಈ ವೇದಿಕೆಯಲ್ಲೇ ಇದ್ದಾರೆ. ಹಾಗಾಗಿ ನಾನು ಒಂದು ಸಣ್ಣ ವಿಷಯ ಆರಿಸಿಕೊಂಡಿದ್ದೇನೆ. ಅದು ಪದಬಂಧ. ಅದರಲ್ಲೂ ಅಮೆರಿಕದ ದಿನಪತ್ರಿಕೆಗಳಲ್ಲಿ ಬರುವ, ಒಂದು ಥೀಮ್ ಇಟ್ಟುಕೊಂಡು ಕಟ್ಟಿದ ಪದಬಂಧ. "ಇದೇನು, ಸಮಯ ಕಳೆಯುವ ಆಟದ ಬಗ್ಗೆ ಭಾಷಣವೇ?" ಎಂದು ನಿಮಗೆ ಅನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಈ ಆಟ ಇಲ್ಲದಿದ್ದರೆ ನಾನು ಇವತ್ತು ಇಲ್ಲಿ ನಿಂತಿರುತ್ತಿರಲಿಲ್ಲ.

1983ರಲ್ಲಿ ನಾನು ದ್ವಿತೀಯ ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಫೇಲಾದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವನು ನಾನು. ಕಾಲೇಜಿನಲ್ಲಿ ಪಾಠ ತಲೆಗೆ ಹತ್ತಲಿಲ್ಲ. ಕೇಳಲು ನಾಚಿಕೆ. ಫಲಿತಾಂಶ ಬಂದ ದಿನ, "ಇಂಗ್ಲಿಷ್ ನನ್ನಂಥವರಿಗಲ್ಲ" ಎಂದು ತೀರ್ಮಾನಿಸಿ ಪುಸ್ತಕ ಕಟ್ಟಿಟ್ಟು, ತಂದೆಯ ದಿನಸಿ ಅಂಗಡಿಯಲ್ಲಿ ಕುಳಿತೆ. ಉಮ್ಮ ಮಾತನಾಡಲಿಲ್ಲ. ನನ್ನ ಅಣ್ಣ ಆಗ ದುಬೈಯ ಒಂದು ಕಚೇರಿಯಲ್ಲಿ ಚಹಾ ಮಾಡಿಕೊಡುವ ಕೆಲಸದಲ್ಲಿದ್ದ. ಏಳನೇ ತರಗತಿಗೇ ಶಾಲೆ ಬಿಟ್ಟವನು. ನನ್ನ ಫೀಸು ಅವನ ಸಂಬಳದಿಂದಲೇ ಬರುತ್ತಿತ್ತು. ಅವನು ರಜೆಯಲ್ಲಿ ಊರಿಗೆ ಬಂದಾಗ ಮುಖ ಹೇಗೆ ತೋರಿಸಲಿ ಎಂಬ ಚಿಂತೆ ನನಗೆ.

ಅಣ್ಣ ಬಂದ. ಬೈಯಲಿಲ್ಲ. ಪೆಟ್ಟಿಗೆಯಿಂದ ಒಂದು ಕಾಗದದ ಕಟ್ಟು ತೆಗೆದು ನನ್ನ ಮುಂದಿಟ್ಟ. ಅಲ್ಲಿನ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ಪದಬಂಧಗಳು. ಕಚೇರಿಯ ಲೆಕ್ಕಪತ್ರದ ಗುಮಾಸ್ತರೊಬ್ಬರು ಊಟದ ಬಿಡುವಿನಲ್ಲಿ ಅದನ್ನು ಬಿಡಿಸುತ್ತಿದ್ದರಂತೆ. ಅಣ್ಣ ಪಕ್ಕದಲ್ಲಿ ನಿಂತು ನೋಡುತ್ತಾ ನೋಡುತ್ತಾ ಕಲಿತಿದ್ದ. "ಇದು ನನಗೆ ಅರ್ಧಕ್ಕಿಂತ ಹೆಚ್ಚು ಬರುವುದಿಲ್ಲ. ನೀನು ಪಿಯುಸಿಯವರೆಗೆ ಓದಿದವನು, ಸ್ವಲ್ಪ ಸಹಾಯ ಮಾಡು" ಎಂದ. ಸಹಾಯ ಬೇಕಾಗಿದ್ದುದು ಯಾರಿಗೆ ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಪದಬಂಧ ಹುಟ್ಟಿದ ಬಗೆ

ಮೊದಲು ಈ ಆಟದ ಚರಿತ್ರೆಯನ್ನು ಸ್ವಲ್ಪ ನೋಡೋಣ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ಪತ್ರಕರ್ತನಾದ ಆರ್ಥರ್ ವಿನ್ ಎಂಬವರು 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಜ್ರದ ಆಕಾರದ ಒಂದು ಪದಚೌಕಟ್ಟನ್ನು ಪ್ರಕಟಿಸಿದರು. ಅವರು ಇಟ್ಟ ಹೆಸರು 'ವರ್ಡ್‌ಕ್ರಾಸ್'. ಕೆಲವು ವಾರಗಳ ನಂತರ ಅಚ್ಚುಮೊಳೆ ಜೋಡಿಸುವಾಗ ಹೆಸರು ಹಿಂದುಮುಂದಾಗಿ 'ಕ್ರಾಸ್‌ವರ್ಡ್' ಎಂದಾಯಿತು. ಆ ತಪ್ಪೇ ಇವತ್ತಿಗೂ ಉಳಿದಿದೆ.

1924ರಲ್ಲಿ ಪದಬಂಧಗಳ ಮೊದಲ ಪುಸ್ತಕ ಬಂದು ಅಮೆರಿಕದಲ್ಲಿ ದೊಡ್ಡ ಹುಚ್ಚೇ ಹಬ್ಬಿತು. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಆಗ ಇದು ವ್ಯರ್ಥ ಕಾಲಹರಣ ಎಂದು ಟೀಕಿಸಿತು. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ, ಯುದ್ಧದ ಸುದ್ದಿಯಿಂದ ಕಂಗೆಟ್ಟ ಓದುಗರಿಗೆ ಮನಸ್ಸಿಗೆ ಬಿಡುವು ಬೇಕು ಎಂದು ಕಂಡು, ಅದೇ ಪತ್ರಿಕೆ 1942ರ ಫೆಬ್ರವರಿ 15ರಿಂದ ಭಾನುವಾರದ ಪದಬಂಧ ಆರಂಭಿಸಿತು. 1950ರ ಸೆಪ್ಟೆಂಬರ್ 11ರಿಂದ ಅದು ದಿನನಿತ್ಯವೂ ಬರತೊಡಗಿತು. ಒಂದು ಕಾಲದಲ್ಲಿ ಟೀಕಿಸಿದ ಪತ್ರಿಕೆಯ ಪದಬಂಧವೇ ಇಂದು ಹೆಚ್ಚು ಹೆಸರುವಾಸಿ! 1993ರಲ್ಲಿ ಅದರ ಸಂಪಾದಕರಾದ ವಿಲ್ ಶಾರ್ಟ್ಸ್ ಅವರು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಒಗಟುಗಳ ಅಧ್ಯಯನವನ್ನೇ ವಿಷಯವಾಗಿ ಆರಿಸಿಕೊಂಡು 1974ರಲ್ಲಿ ಪದವಿ ಪಡೆದವರು.

ಅಮೆರಿಕದ ದೈನಿಕ ಪದಬಂಧಕ್ಕೆ ಶಿಸ್ತು ಇದೆ. ಉದ್ದ 15, ಅಗಲ 15, ಒಟ್ಟು 225 ಮನೆಗಳು. ಮೂರು ಅಕ್ಷರಕ್ಕಿಂತ ಚಿಕ್ಕ ಪದ ಇರಬಾರದು. ಚೌಕಟ್ಟನ್ನು ತಲೆಕೆಳಗು ಮಾಡಿ ಹಿಡಿದರೂ ಕಪ್ಪು ಮನೆಗಳು ಇದ್ದಲ್ಲೇ ಕಾಣಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಅಕ್ಷರವೂ ಎಡದಿಂದ ಬಲಕ್ಕೆ ಒಂದು ಪದಕ್ಕೂ, ಮೇಲಿನಿಂದ ಕೆಳಕ್ಕೆ ಇನ್ನೊಂದು ಪದಕ್ಕೂ ಸೇರಿರಬೇಕು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸೋಮವಾರದ್ದು ಸುಲಭ. ದಿನ ಹೋದಂತೆ ಕಠಿಣವಾಗುತ್ತಾ ಶನಿವಾರ ಅತಿ ಕಠಿಣ. ಸೋಮವಾರದಿಂದ ಗುರುವಾರದವರೆಗೆ ಸಾಮಾನ್ಯವಾಗಿ ಒಂದು ಥೀಮ್ ಇರುತ್ತದೆ. ಶುಕ್ರವಾರ, ಶನಿವಾರ ಥೀಮ್ ಇರುವುದಿಲ್ಲ. ಭಾನುವಾರದ ದೊಡ್ಡ ಪದಬಂಧದಲ್ಲಿ ಮತ್ತೆ ಥೀಮ್.

ನಮ್ಮಲ್ಲಿ 'ದಿ ಹಿಂದೂ' ಪತ್ರಿಕೆಯ ಹೆಸರಾಂತ ಪದಬಂಧ ಬ್ರಿಟಿಷ್ ಪದ್ಧತಿಯದು. ಅಲ್ಲಿ ಪ್ರತಿ ಸುಳಿವೂ ಒಂದು ಪ್ರತ್ಯೇಕ ಒಗಟು. ಅಮೆರಿಕದ ಪದಬಂಧದಲ್ಲಿ ಸುಳಿವುಗಳು ಹೆಚ್ಚಾಗಿ ನೇರ. ಒಗಟು ಇರುವುದು ಥೀಮಿನಲ್ಲಿ.

ಥೀಮ್ ಎಂದರೇನು?

ಉದ್ದದ ಮೂರು ನಾಲ್ಕು ಉತ್ತರಗಳ ನಡುವೆ ಇರುವ ಗುಟ್ಟಿನ ಸಂಬಂಧವೇ ಥೀಮ್. ಅಣ್ಣ ತಂದ ಕಟ್ಟು ಈಗ ನನ್ನಲ್ಲಿ ಉಳಿದಿಲ್ಲ. ಅದೇ ಮಾದರಿಯಲ್ಲಿ ನಾನೇ ಕಟ್ಟಿದ ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಉತ್ತರಗಳು ಇಂಗ್ಲಿಷಿನವು, ಸುಳಿವನ್ನು ಮಾತ್ರ ಕನ್ನಡದಲ್ಲಿ ಹೇಳುತ್ತೇನೆ.

ಮೊದಲನೆಯದು: 'ಶಾಲೆಯ ಮುಖ್ಯಸ್ಥ', 10 ಅಕ್ಷರ. ಎರಡನೆಯದು: 'ಮುತ್ತು ಪೋಣಿಸಿದ ಒಡವೆ', 8 ಅಕ್ಷರ. ಮೂರನೆಯದು: 'ಹೊಸ ವಿದ್ಯಾರ್ಥಿಯ ಕೈಗೆ ಬರುವ ಪುಸ್ತಕ', 8 ಅಕ್ಷರ. ನಾಲ್ಕನೆಯದು: 'ತೋಡು ದಾಟಲು ಬೇಕಾದದ್ದು', 10 ಅಕ್ಷರ.

ನೀವು ಮೊದಲನೆಯದಕ್ಕೆ ಹೆಡ್‌ಮಾಸ್ಟರ್ ಎಂದು ಬರೆದಿರಿ. ಎರಡನೆಯದಕ್ಕೆ ನೆಕ್ಲೇಸ್. ಮೂರನೆಯದಕ್ಕೆ ಟೆಕ್ಸ್ಟ್‌ಬುಕ್. ಎಣಿಸಿ ನೋಡಿ, ಸರಿಯಾಗಿ ಎಂಟು ಅಕ್ಷರ. ಕೊನೆಯ ನಾಲ್ಕು ಮನೆಗಳಲ್ಲಿ ಮೇಲಿನಿಂದ ಬರುವ ಪದಗಳೂ ಚೆನ್ನಾಗಿ ಕೂಡಿ ಬರುತ್ತವೆ. ಆದರೆ ಮೊದಲ ನಾಲ್ಕು ಮನೆಗಳಲ್ಲಿ ಏನು ಮಾಡಿದರೂ ಪದ ಆಗುತ್ತಿಲ್ಲ. ನೀವು ಏನು ಮಾಡುತ್ತೀರಿ? ಟೆಕ್ಸ್ಟ್‌ಬುಕ್ ತಪ್ಪಿರಬಹುದೆಂದು ಯೋಚಿಸುವುದಿಲ್ಲ. "ಈ ಪದಬಂಧವೇ ಕಷ್ಟ, ನನಗೆ ಶಬ್ದ ಸಾಲದು" ಎಂದುಕೊಳ್ಳುತ್ತೀರಿ.

ಅಷ್ಟರಲ್ಲಿ ನಾಲ್ಕನೆಯದು ಸಿಗುತ್ತದೆ: ಫುಟ್‌ಬ್ರಿಡ್ಜ್, ನಮ್ಮ ಕರಾವಳಿಯ ಕಾಲುಸಂಕ. ಈಗ ಪದಗಳ ಆರಂಭವನ್ನಷ್ಟೇ ನೋಡಿ. ಹೆಡ್, ನೆಕ್, ಫುಟ್. ತಲೆ, ಕುತ್ತಿಗೆ, ಕಾಲು! ಹಾಗಾದರೆ ಮೂರನೆಯದು 'ಟೆಕ್ಸ್ಟ್' ಹೇಗಾದೀತು? ಅಲ್ಲಿ ಹ್ಯಾಂಡ್ ಬರಬೇಕು. ಹ್ಯಾಂಡ್‌ಬುಕ್, ಅಂದರೆ ಕೈಪಿಡಿ. ಅಳಿಸಿ ಬರೆಯುತ್ತೀರಿ. ಅಲ್ಲಿವರೆಗೆ ಮುಚ್ಚಿದ್ದ ಆ ಮೂಲೆ ತಾನಾಗಿ ತೆರೆದುಕೊಳ್ಳುತ್ತದೆ.

ಮಕ್ಕಳೇ, ಇಲ್ಲಿ ಒಂದು ಮಾತು ಗಮನಿಸಿ. ಪೂರ್ತಿ ತಪ್ಪಾದ ಉತ್ತರವನ್ನು ಅಳಿಸುವುದು ಸುಲಭ. ಅರ್ಧ ಸರಿಯಾದ ಉತ್ತರವನ್ನು ಅಳಿಸುವುದೇ ಕಷ್ಟ. ಸರಿಯಾದ ಆ ಅರ್ಧವೇ ನಮ್ಮ ಕಣ್ಣು ಕಟ್ಟುತ್ತದೆ. "ಇಂಗ್ಲಿಷ್ ನನ್ನಂಥವರಿಗಲ್ಲ" ಎಂದು ನಾನು ಬರೆದುಕೊಂಡ ಉತ್ತರವೂ ಅಂಥದ್ದೇ. ಫೇಲಾದದ್ದು ನಿಜ, ಅಂಕಪಟ್ಟಿಯಲ್ಲಿ ಇತ್ತು. "ನನ್ನಂಥವರಿಗಲ್ಲ" ಎಂಬುದು ನಾನೇ ಸೇರಿಸಿದ್ದು. ಆ ಒಂದು ತಪ್ಪಿನಿಂದ ಅದರ ಸುತ್ತಲಿನ ಎಲ್ಲ ಮನೆಗಳೂ ಖಾಲಿ ಉಳಿದಿದ್ದವು.

ಎರಡು ಉತ್ತರಗಳ ಪದಬಂಧ

ಥೀಮ್ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನ ಹೇಳಲೇಬೇಕು. 1996ರ ನವೆಂಬರ್ 5, ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ದಿನ. ಕಣದಲ್ಲಿ ಬಿಲ್ ಕ್ಲಿಂಟನ್ ಮತ್ತು ಬಾಬ್ ಡೋಲ್. ಅಂದಿನ ನ್ಯೂಯಾರ್ಕ್ ಟೈಮ್ಸ್ ಪದಬಂಧದ ನಟ್ಟನಡುವೆ, ನಾಳಿನ ಪತ್ರಿಕೆಯ ಮುಖ್ಯ ಸುದ್ದಿ ಏನು ಎಂಬ ಅರ್ಥದ ಸುಳಿವು. ಮತ ಎಣಿಕೆಯೇ ಆಗಿಲ್ಲ, ಪತ್ರಿಕೆ ಹೇಗೆ ಹೇಳೀತು? ಕ್ಲಿಂಟನ್ ಗೆದ್ದರೆಂದು ಬರೆದವರಿಗೆ ಸರಿಯಾಗಿ ಕೂಡಿಬಂತು. ಬಾಬ್ ಡೋಲ್ ಗೆದ್ದರೆಂದು ಬರೆದವರಿಗೂ ಕೂಡಿಬಂತು!

ಗುಟ್ಟು ಏನೆಂದರೆ, ಇಂಗ್ಲಿಷಿನಲ್ಲಿ ಎರಡೂ ಹೆಸರುಗಳಿಗೆ ಏಳೇ ಅಕ್ಷರ. ಆ ಏಳು ಮನೆಗಳನ್ನು ದಾಟುವ ಪದಗಳಿಗೆ ಎರಡೆರಡು ಉತ್ತರ ಸಲ್ಲುವಂಥ ಸುಳಿವು ಕೊಟ್ಟಿದ್ದರು. ಹ್ಯಾಲೋವೀನ್ ಹಬ್ಬದ ಕಪ್ಪು ಪ್ರಾಣಿ ಎಂಬ ಸುಳಿವಿಗೆ 'ಸಿ' ಹಾಕಿದರೆ ಕ್ಯಾಟ್, 'ಬಿ' ಹಾಕಿದರೆ ಬ್ಯಾಟ್, ಅಂದರೆ ಬಾವಲಿ. ಹೊಲಿಗೆ ಅಂಗಡಿಯಲ್ಲಿ ಕೊಳ್ಳುವುದು ಎಂಬುದಕ್ಕೆ ಯಾರ್ನ್ ಎಂದರೂ ಸರಿ, ಯಾರ್ಡ್ ಎಂದರೂ ಸರಿ. ಇದನ್ನು ಕಟ್ಟಿದವರು ಜೆರೆಮಯಾ ಫ್ಯಾರೆಲ್ ಎಂಬ ಗಣಿತದ ಪ್ರಾಧ್ಯಾಪಕರು. ಪತ್ರಿಕೆ ಪಕ್ಷಪಾತ ಮಾಡಿದೆ ಎಂದು ಸಿಟ್ಟಿನಿಂದ ಫೋನ್ ಮಾಡಿದವರು ಹಲವರು. ತಮ್ಮ ಉತ್ತರ ಕೂಡಿಬಂದ ಮೇಲೆ ಬೇರೊಂದು ಉತ್ತರವೂ ಇರಬಹುದೆಂದು ಅವರಿಗೆ ಹೊಳೆಯಲಿಲ್ಲ. ನಮ್ಮ ಮನೆ, ಜಮಾತು, ಊರಿನ ಜಗಳಗಳಲ್ಲಿ ಇದನ್ನು ಎಷ್ಟು ಸಲ ಕಂಡಿದ್ದೇವೆ!

ಬಿಡಿಸುವುದು ಹೇಗೆ?

ಅಣ್ಣ ಆ ಎರಡು ತಿಂಗಳ ರಜೆಯಲ್ಲಿ ಹೇಳಿಕೊಟ್ಟದ್ದನ್ನೂ, ನಂತರ ನಾನು ಕಲಿತದ್ದನ್ನೂ ಸಂಕ್ಷೇಪವಾಗಿ ಹೇಳುತ್ತೇನೆ.

ಒಂದು, 1ನೇ ಸುಳಿವಿನಿಂದಲೇ ಆರಂಭಿಸಬೇಕೆಂಬ ಕಾನೂನಿಲ್ಲ. ಗೊತ್ತಿರುವುದನ್ನು ಮೊದಲು ಬರೆಯಿರಿ. ಬಿಟ್ಟ ಸ್ಥಳ ತುಂಬುವ ಸುಳಿವುಗಳು ಸಾಮಾನ್ಯವಾಗಿ ಸುಲಭ.

ಎರಡು, ಸುಳಿವಿನ ವ್ಯಾಕರಣ ನೋಡಿ. ಸುಳಿವು ಬಹುವಚನವಾದರೆ ಉತ್ತರವೂ ಬಹುವಚನ. ಸುಳಿವು ಭೂತಕಾಲವಾದರೆ ಉತ್ತರವೂ ಭೂತಕಾಲ. ಸುಳಿವಿನಲ್ಲಿ ಸಂಕ್ಷಿಪ್ತ ರೂಪ ಇದ್ದರೆ ಉತ್ತರವೂ ಸಂಕ್ಷಿಪ್ತ. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅಲ್ಲಿ ಮಾತಿನ ಚಮತ್ಕಾರ ಇದೆ ಎಂದು ತಿಳಿಯಿರಿ. ಎರಡು ವರ್ಷ ಕಾಲೇಜಿನಲ್ಲಿ ತಲೆಗೆ ಹೋಗದ ವ್ಯಾಕರಣ ನನಗೆ ಹೋದದ್ದು ಹೀಗೆ.

ಮೂರು, ಒಂದೆರಡು ಉದ್ದದ ಉತ್ತರ ಸಿಕ್ಕಿದ ಕೂಡಲೇ ನಿಂತು, ಇವುಗಳ ಸಂಬಂಧ ಏನೆಂದು ಯೋಚಿಸಿ.

ನಾಲ್ಕು, ಬಾರದಿದ್ದರೆ ಬಿಟ್ಟು ಬೇರೆ ಕೆಲಸ ಮಾಡಿ, ಮತ್ತೆ ಬನ್ನಿ. ಬೆಳಿಗ್ಗೆ ಹೊಳೆಯದ್ದು ರಾತ್ರಿ ಹೊಳೆಯುತ್ತದೆ. ಅಣ್ಣ ಉತ್ತರದ ಚೀಟಿಗಳನ್ನು ತನ್ನ ಕಿಸೆಯಲ್ಲೇ ಇಟ್ಟುಕೊಂಡು "ಉತ್ತರ ನಾಳೆ" ಎನ್ನುತ್ತಿದ್ದ. ಇಂದು ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಉತ್ತರ ಕಾಣುತ್ತದೆ. ಆ ಗುಂಡಿಯನ್ನು ನಾಳೆಯವರೆಗೆ ಒತ್ತಬೇಡಿ.

ಐದು, ಪೆನ್ಸಿಲಿನಲ್ಲಿ ಬರೆಯಿರಿ. ರಬ್ಬರ್ ಹತ್ತಿರ ಇರಲಿ. ಅಳಿಸುವುದು ಅವಮಾನವಲ್ಲ.

ಪದಬಂಧ ಬಿಡಿಸಿದರೆ ರ‍್ಯಾಂಕ್ ಬರುತ್ತದೆ ಎಂದು ನಾನು ಹೇಳುವುದಿಲ್ಲ. ನನಗೆ ಮರುಪರೀಕ್ಷೆಯಲ್ಲಿ ಬಂದದ್ದು 100ಕ್ಕೆ 41. ಆದರೆ ಖಾಲಿ ಮನೆ ಕಂಡರೆ ಹೆದರುವ ಅಭ್ಯಾಸ ಹೋಯಿತು. ಮುಂದೆ ಬಿ.ಎ., ಬಿ.ಎಡ್. ಮುಗಿಸಿ 30ಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ಅದೇ ಇಂಗ್ಲಿಷನ್ನು ಕಲಿಸಿದೆ.

ಕೊನೆಯದಾಗಿ ನಿಮಗೊಂದು ಕೆಲಸ. ನಾನು ಬಿಡಿಸಿದ ಕನ್ನಡ ಪದಬಂಧಗಳಲ್ಲಿ ಹೆಚ್ಚಿನವು ಥೀಮ್ ಇಲ್ಲದವು. ನೀವೇ ಯಾಕೆ ಒಂದನ್ನು ಕಟ್ಟಬಾರದು? ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ಣ ಅಕ್ಷರ, ಕಾಗುಣಿತ ಒತ್ತು ಸಮೇತ. 'ಮಕ್ಕಳು' ಎಂದರೆ ಮೂರು ಮನೆ. ಆರಂಭಕ್ಕೆ ನಾಲ್ಕು ಪದ ನಾನು ಕೊಡುತ್ತೇನೆ: ತಲೆದಿಂಬು, ಮೂಗುತಿ, ಕೈಪಿಡಿ, ಕಾಲುಸಂಕ. ಮೊದಲ ಮತ್ತು ಕೊನೆಯ ಪದಕ್ಕೆ ನಾಲ್ಕು ನಾಲ್ಕು ಮನೆ, ನಡುವಿನ ಎರಡಕ್ಕೆ ಮೂರು ಮೂರು. ತಲೆಯಿಂದ ಕಾಲಿನವರೆಗೆ ಥೀಮ್ ಸಿದ್ಧ. ದಾಟುವ ಪದಗಳನ್ನು ನೀವು ಹುಡುಕಿ. ಚೆನ್ನಾಗಿ ಕಟ್ಟಿದವರದನ್ನು ಮುಂದಿನ ಸಂಚಿಕೆಯಲ್ಲಿ ಹಾಕಬೇಕೆಂದು ಸಂಪಾದಕರಲ್ಲಿ ಈಗಲೇ ಕೇಳಿಕೊಳ್ಳುತ್ತೇನೆ.

ಅಣ್ಣ ಈಗ ಊರಲ್ಲೇ ಇದ್ದಾನೆ. ಕಣ್ಣು ಮಂಜಾಗಿದೆ. ಸಂಜೆ ನಾನು ಸುಳಿವು ಓದುತ್ತೇನೆ, ಅವನು ಉತ್ತರ ಹೇಳುತ್ತಾನೆ. ಕೆಲವು ಅವನಿಗೆ ಬರುವುದಿಲ್ಲ, ಕೆಲವು ನನಗೆ. ಆಗ ಇಬ್ಬರೂ ಒಟ್ಟಿಗೆ, "ಉತ್ತರ ನಾಳೆ" ಎಂದು ನಗುತ್ತೇವೆ.

ನಿಮ್ಮಲ್ಲಿ ಯಾರಾದರೂ ಈ ವರ್ಷ ಫೇಲಾಗಿ, "ಇದು ನನ್ನಂಥವರಿಗಲ್ಲ" ಎಂದು ಬರೆದುಕೊಂಡಿದ್ದರೆ, ದಯವಿಟ್ಟು ಆ ಉತ್ತರವನ್ನು ಇನ್ನೊಮ್ಮೆ ನೋಡಿ. ಅರ್ಧ ಮಾತ್ರ ಸರಿ ಇರಬಹುದು. ಉಳಿದರ್ಧವನ್ನು ಅಳಿಸಿ.