ಒಂದು ಕಾಮಗಾರಿ, ಒಂದು ವೇಳಾಪಟ್ಟಿ: ಯೋಜನಾ ನಿರ್ವಹಣಾ ಕಚೇರಿಯ ಕಾರ್ಯಗಳು ಹಾಗೂ ಪ್ರಯೋಜನಗಳು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಹೊಸದಾಗಿ ಕಾಂಕ್ರೀಟ್ ಹಾಕಿದ ಬೀದಿಯನ್ನು ಕೆಲವೇ ತಿಂಗಳಲ್ಲಿ ನೀರಿನ ಕೊಳವೆಗಾಗಿ ಅಗೆಯುವುದು, ಮನೆಯ ಮುಂದೆ ನಲ್ಲಿ ನಿಂತು ವರ್ಷ ಕಳೆದರೂ ಅದರಲ್ಲಿ ನೀರು ಬಾರದಿರುವುದು, ಟ್ಯಾಂಕ್ ಕಟ್ಟಿ ಮುಗಿದರೂ ಪಂಪಿಗೆ ವಿದ್ಯುತ್ ಸಂಪರ್ಕ ದೊರೆಯದಿರುವುದು ಸದಸ್ಯರಿಗೆ ಅಪರಿಚಿತವಾದ ಸಂಗತಿಗಳಲ್ಲ. ಇಂತಹ ಸಂದರ್ಭದಲ್ಲಿ ವಿಚಾರಿಸಿದರೆ, ಪ್ರತಿಯೊಂದು ಇಲಾಖೆಯೂ ತನ್ನ ಭಾಗದ ಕೆಲಸ ಮುಗಿದಿದೆ ಎಂದು ಕಡತವನ್ನು ತೋರಿಸುತ್ತದೆ. ಕಡತಗಳೆಲ್ಲ ಕ್ರಮವಾಗಿರುತ್ತವೆ, ಕೊಡ ಮಾತ್ರ ಖಾಲಿಯಾಗಿರುತ್ತದೆ. ಆಗ ಗ್ರಾಮಸ್ಥರು ಪ್ರಶ್ನಿಸುವುದು ಇಲಾಖೆಯನ್ನಲ್ಲ, ತಮ್ಮ ವಾರ್ಡಿನ ಸದಸ್ಯರನ್ನು.

ಈ ಕೊರತೆಯನ್ನು ನೀಗಿಸಲು ರೂಪುಗೊಂಡ ವ್ಯವಸ್ಥೆಯೇ ಯೋಜನಾ ನಿರ್ವಹಣಾ ಕಚೇರಿ. ಈ ಕಚೇರಿಯು ಕೊಳವೆ ಹಾಕುವುದಿಲ್ಲ, ಹಣ ಮಂಜೂರು ಮಾಡುವುದಿಲ್ಲ, ಟೆಂಡರನ್ನು ಅಂಗೀಕರಿಸುವುದೂ ಇಲ್ಲ. ಹಲವು ಕೈಗಳಲ್ಲಿ ಹಂಚಿಹೋದ ಒಂದು ಕಾಮಗಾರಿಯ ಎಲ್ಲ ಹಂತಗಳನ್ನು ಒಂದೇ ಪಟ್ಟಿಯಲ್ಲಿ ಬರೆದು, ಪ್ರತಿ ಹಂತಕ್ಕೆ ಒಂದು ದಿನಾಂಕವನ್ನೂ ಒಬ್ಬ ಹೊಣೆಗಾರರನ್ನೂ ಗೊತ್ತುಪಡಿಸಿ, ತಪ್ಪಿದಲ್ಲಿ ಸಕಾಲದಲ್ಲಿ ಎಚ್ಚರಿಸುವುದು ಅದರ ಮುಖ್ಯ ಕೆಲಸ. ಇಂತಹ ಕಚೇರಿಗಳನ್ನು ಸಾಮಾನ್ಯವಾಗಿ ಮೂರು ಬಗೆಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದು ನಮೂನೆ, ಸಲಹೆ ಮತ್ತು ತರಬೇತಿಗಳ ಮೂಲಕ ನೆರವಾಗುವಂಥದು. ಎರಡನೆಯದು ನಿಗದಿತ ಕ್ರಮದಂತೆ ಕೆಲಸ ನಡೆಯುತ್ತಿದೆಯೇ ಎಂದು ನಿಯಂತ್ರಿಸುವಂಥದು. ಮೂರನೆಯದು ಯೋಜನೆಯನ್ನು ತಾನೇ ಮುಂದೆ ನಿಂತು ನಡೆಸುವಂಥದು.

ಗ್ರಾಮ ಪಂಚಾಯಿತಿಗಳಿಗೆ ಈ ವ್ಯವಸ್ಥೆಯ ಸಮೀಪದ ಉದಾಹರಣೆ ಜಲ ಜೀವನ್ ಮಿಷನ್. 2019ರ ಆಗಸ್ಟ್ 15ರಂದು ಘೋಷಣೆಯಾದ ಈ ಯೋಜನೆಯು ಪ್ರತಿ ಗ್ರಾಮೀಣ ಮನೆಗೆ ನಲ್ಲಿ ಸಂಪರ್ಕ ಕಲ್ಪಿಸಿ, ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ಶುದ್ಧ ನೀರು ಒದಗಿಸುವ ಗುರಿಯನ್ನು ಹೊಂದಿದೆ. ಕರ್ನಾಟಕದಲ್ಲಿ ಇದು ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಿಂದಲೂ ಪರಿಚಿತ. ಇದರ ಮಾರ್ಗಸೂಚಿಯು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಯೋಜನಾ ನಿರ್ವಹಣಾ ಘಟಕಗಳಿಗೆ ಅವಕಾಶ ನೀಡಿದೆ. ಗ್ರಾಮ ಮಟ್ಟದಲ್ಲಿ 10ರಿಂದ 15 ಸದಸ್ಯರ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕೆಂದೂ, ಅದರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದೂ ತಿಳಿಸಿದೆ. ಮೇಲಿನ ಘಟಕ ಮತ್ತು ಕೆಳಗಿನ ಸಮಿತಿಗಳ ನಡುವೆ ಮಾಹಿತಿ ಹರಿದರೆ ಮಾತ್ರ ನಲ್ಲಿಯಲ್ಲಿ ನೀರು ಹರಿಯುತ್ತದೆ.

ಇನ್ನು ಈ ಕಚೇರಿಯ ಕಾರ್ಯಗಳನ್ನು ಒಂದೊಂದಾಗಿ ಗಮನಿಸಬಹುದು.

ಮೊದಲನೆಯದಾಗಿ, ಹಂತಗಳ ಜೋಡಣೆ. ಒಂದು ಗ್ರಾಮದ ನೀರು ಸರಬರಾಜು ಕಾಮಗಾರಿಯಲ್ಲಿ ಜಲಮೂಲದ ಇಳುವರಿ ಪರೀಕ್ಷೆ, ಟ್ಯಾಂಕಿಗೆ ಜಾಗ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಕೊಳವೆ ಜೋಡಣೆ, ವಿದ್ಯುತ್ ಸಂಪರ್ಕ, ಮನೆ ಸಂಪರ್ಕ, ಅಗೆದ ರಸ್ತೆಯ ದುರಸ್ತಿ, ಪ್ರಾಯೋಗಿಕ ಚಾಲನೆ ಹಾಗೂ ಹಸ್ತಾಂತರ ಎಂಬ ಹಲವು ಹಂತಗಳಿವೆ. ಇವುಗಳಲ್ಲಿ ಕೆಲವನ್ನು ಏಕಕಾಲದಲ್ಲಿ ನಡೆಸಬಹುದು, ಕೆಲವು ಒಂದರ ನಂತರ ಒಂದು ಬರಲೇಬೇಕು. ವಿದ್ಯುತ್ ಸಂಪರ್ಕದ ಅರ್ಜಿಯನ್ನು ಟ್ಯಾಂಕ್ ಕಟ್ಟುವಾಗಲೇ ಸಲ್ಲಿಸಿದರೆ ಕಾಯುವ ಕಾಲ ಉಳಿಯುತ್ತದೆ. ಬೀದಿಗೆ ಕಾಂಕ್ರೀಟ್ ಹಾಕುವ ಕೆಲಸವನ್ನು ಕೊಳವೆ ಜೋಡಣೆಯ ನಂತರಕ್ಕೆ ಇಟ್ಟುಕೊಂಡರೆ ಒಂದೇ ಬೀದಿಗೆ ಎರಡು ಬಾರಿ ಹಣ ವೆಚ್ಚವಾಗುವುದು ತಪ್ಪುತ್ತದೆ. ರಸ್ತೆ ಒಬ್ಬರದು, ಕೊಳವೆ ಇನ್ನೊಬ್ಬರದು, ವಿದ್ಯುತ್ ಮತ್ತೊಬ್ಬರದು ಆಗಿರುವಾಗ ಮೂವರ ದಿನಾಂಕಗಳನ್ನು ಒಂದೆಡೆ ಇಟ್ಟು ನೋಡುವ ಕಣ್ಣು ಬೇಕಾಗುತ್ತದೆ.

ಎರಡನೆಯದಾಗಿ, ತೊಡಕುಗಳನ್ನು ಮುಂಚಿತವಾಗಿ ಗುರುತಿಸುವುದು. ಉದಾಹರಣೆಗೆ 2,000 ಜನಸಂಖ್ಯೆಯ ಒಂದು ಗ್ರಾಮವನ್ನು ತೆಗೆದುಕೊಳ್ಳಬಹುದು. ತಲಾ 55 ಲೀಟರಿನಂತೆ ದಿನಕ್ಕೆ 1,10,000 ಲೀಟರ್ ನೀರು ಬೇಕು. ಕೊಳವೆಬಾವಿ ಗಂಟೆಗೆ 10,000 ಲೀಟರ್ ನೀಡುವುದಾದರೆ ಪಂಪು 11 ಗಂಟೆ ಓಡಬೇಕು. ಅಲ್ಲಿ ಮೂರು ಫೇಸ್ ವಿದ್ಯುತ್ ದಿನಕ್ಕೆ 7 ಗಂಟೆ ಮಾತ್ರ ದೊರೆತರೆ ಟ್ಯಾಂಕಿಗೆ ಬರುವುದು 70,000 ಲೀಟರ್. ತಲೆಗೆ 35 ಲೀಟರ್. ಟ್ಯಾಂಕ್, ಕೊಳವೆ, ನಲ್ಲಿ ಎಲ್ಲವೂ ಸರಿಯಾಗಿದ್ದರೂ ಊರಿನ ಕೊನೆಯ ಕೇರಿಗೆ ನೀರು ತಲುಪದೇ ಹೋಗಬಹುದು. ಈ ಲೆಕ್ಕವನ್ನು ಅಂದಾಜು ಪಟ್ಟಿಯ ಹಂತದಲ್ಲಿಯೇ ಹಾಕಿದರೆ ಪ್ರತ್ಯೇಕ ವಿದ್ಯುತ್ ಮಾರ್ಗವನ್ನೋ ಎರಡನೆಯ ಜಲಮೂಲವನ್ನೋ ಸೇರಿಸಲು ಅವಕಾಶವಿರುತ್ತದೆ. ಹಸ್ತಾಂತರದ ನಂತರ ತಿಳಿದುಬಂದರೆ ಉಳಿಯುವುದು ದೂರು ಮಾತ್ರ.

ಮೂರನೆಯದಾಗಿ, ಪರಿಶೀಲನೆ ಮತ್ತು ಪಾವತಿಗಳ ನಡುವೆ ನಂಟು ಕಲ್ಪಿಸುವುದು. ಜಲ ಜೀವನ್ ಮಿಷನ್ನಿನಲ್ಲಿ ಗುತ್ತಿಗೆದಾರರಿಗೆ ಹಣ ಪಾವತಿಸುವ ಮೊದಲು ಮೂರನೇ ವ್ಯಕ್ತಿಯ ತಪಾಸಣೆ ನಡೆಯಬೇಕೆಂಬ ನಿಯಮವಿದೆ. ಕೊಳವೆಯ ಗುಣಮಟ್ಟ ಮತ್ತು ಅದನ್ನು ಹೂತ ಆಳ ಮಣ್ಣು ಮುಚ್ಚಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ತಪಾಸಣೆಯ ದಿನ ಯಾವುದೆಂದು ಪಂಚಾಯಿತಿಗೆ ಮುಂಚಿತವಾಗಿ ತಿಳಿಸುವುದು ನಿರ್ವಹಣಾ ಘಟಕದ ಹೊಣೆ. ಆ ದಿನ ಸ್ಥಳದಲ್ಲಿ ಹಾಜರಿರುವುದು ಸದಸ್ಯರ ಹೊಣೆ.

ನಾಲ್ಕನೆಯದಾಗಿ, ದಾಖಲೆ ಹಾಗೂ ಅನುಭವದ ಸಂರಕ್ಷಣೆ. ಅಧಿಕಾರಿಗಳು ವರ್ಗಾವಣೆಗೊಳ್ಳುತ್ತಾರೆ, ಸದಸ್ಯರ ಅವಧಿ 5 ವರ್ಷಕ್ಕೆ ಮುಗಿಯುತ್ತದೆ. ಕೊಳವೆ ಯಾವ ಬೀದಿಯಲ್ಲಿ ಎಲ್ಲಿ ಹಾದುಹೋಗಿದೆ, ವಾಲ್ವ್ ಎಲ್ಲಿದೆ ಎಂಬುದು ನೀರುಗಂಟಿಯ ನೆನಪಿನಲ್ಲಿ ಮಾತ್ರ ಉಳಿದರೆ, ಅವರು ಕೆಲಸ ಬಿಟ್ಟ ದಿನ ಆ ಜ್ಞಾನವೂ ಹೋಗುತ್ತದೆ. ನಕ್ಷೆ, ಅಳತೆ ಪುಸ್ತಕದ ಪ್ರತಿ, ಪಂಪಿನ ಖಾತರಿ ಪತ್ರ ಮತ್ತು ನೀರಿನ ಪರೀಕ್ಷಾ ವರದಿಗಳು ಒಂದೇ ಕಡತದಲ್ಲಿ ಇದ್ದರೆ ಮುಂದಿನ ಆಡಳಿತ ಮಂಡಳಿಯು ಮೊದಲಿನಿಂದ ಹುಡುಕಬೇಕಾಗುವುದಿಲ್ಲ.

ಪ್ರಯೋಜನಗಳು ಇಷ್ಟಿದ್ದರೂ ಈ ಕಚೇರಿಗೆ ಒಂದು ಮಿತಿಯಿದೆ. ಅದು ಕಾಣುವುದು ತನಗೆ ಬಂದ ವರದಿಯನ್ನು ಮಾತ್ರ. ವರದಿಯಲ್ಲಿ ‘ಶೇಕಡ 90ರಷ್ಟು ಪ್ರಗತಿ’ ಎಂದು ಬರೆದಿರಬಹುದು. ಉಳಿದ ಶೇಕಡ 10 ವಿದ್ಯುತ್ ಸಂಪರ್ಕವೇ ಆಗಿದ್ದಲ್ಲಿ ಗ್ರಾಮಸ್ಥರ ಪಾಲಿಗೆ ಪ್ರಗತಿ ಸೊನ್ನೆ. ವೆಚ್ಚವಾದ ಹಣ ಆರ್ಥಿಕ ಪ್ರಗತಿ, ಹಾಕಿದ ಕೊಳವೆಯ ಉದ್ದ ಭೌತಿಕ ಪ್ರಗತಿ. ಮನೆಗೆ ಬಂದ ನೀರು ಇವೆರಡಕ್ಕಿಂತ ಬೇರೆಯೇ ಆದ ಸಂಗತಿ. ಅದನ್ನು ಅಳೆಯಬಲ್ಲವರು ಅದೇ ಬೀದಿಯಲ್ಲಿ ವಾಸಿಸುವ ಸದಸ್ಯರು, ನೀರು ಹಿಡಿಯುವ ಮಹಿಳೆಯರು ಮತ್ತು ನೀರುಗಂಟಿಗಳು. ನೀರಿನ ಗುಣಮಟ್ಟವನ್ನು ಸ್ಥಳದಲ್ಲಿಯೇ ಪರೀಕ್ಷಿಸಲು ಪ್ರತಿ ಗ್ರಾಮದಲ್ಲಿ 5 ಮಹಿಳೆಯರಿಗೆ ತರಬೇತಿ ನೀಡಬೇಕೆಂದು ಮಾರ್ಗಸೂಚಿ ಹೇಳಿರುವುದರ ಹಿಂದಿನ ಆಶಯವೂ ಇದೇ ಆಗಿದೆ.

ಈ ಹಿನ್ನೆಲೆಯಲ್ಲಿ ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಕಾಮಗಾರಿಯ ಬಗ್ಗೆ ಐದು ಪ್ರಶ್ನೆಗಳನ್ನು ಸಾಮಾನ್ಯ ಸಭೆಯಲ್ಲಿ ಕೇಳಿ, ಉತ್ತರವನ್ನು ನಡವಳಿಯಲ್ಲಿ ದಾಖಲಿಸುವುದು ಸೂಕ್ತ.

1. ಕಾಮಗಾರಿ ಈಗ ಯಾವ ಹಂತದಲ್ಲಿದೆ?
2. ಮುಂದಿನ ಹಂತ ಯಾವುದು, ಅದರ ದಿನಾಂಕ ಯಾವುದು?
3. ಆ ಹಂತಕ್ಕೆ ಹೊಣೆಗಾರರು ಯಾರು?
4. ಅದಕ್ಕೆ ಅಡ್ಡಿಯಾಗಿರುವುದು ಏನು?
5. ಆ ಅಡ್ಡಿಯನ್ನು ನಿವಾರಿಸಲು ಯಾರಿಗೆ, ಯಾವ ದಿನ ಪತ್ರ ಬರೆಯಲಾಗಿದೆ?

ಈ ಐದು ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿದರೆ, ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಒಂದು ಪುಟ್ಟ ಯೋಜನಾ ನಿರ್ವಹಣಾ ಕಚೇರಿ ಆರಂಭವಾದಂತೆಯೇ. ಇದಕ್ಕೆ ಹೊಸ ಹುದ್ದೆಯಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಹಾಳೆಯನ್ನು ತಿಂಗಳಿಗೊಮ್ಮೆ ತಿದ್ದಬೇಕು, ಸದಸ್ಯರು ಅದನ್ನು ಓದಬೇಕು.

ಕೊನೆಯದಾಗಿ ಹಸ್ತಾಂತರದ ವಿಷಯ. ಗ್ರಾಮದೊಳಗಿನ ನೀರು ಸರಬರಾಜು ವ್ಯವಸ್ಥೆಯನ್ನು ಪಂಚಾಯಿತಿಯು ಸ್ವೀಕರಿಸಿ ಸಹಿ ಮಾಡಿದ ಮೇಲೆ ವಿದ್ಯುತ್ ಬಿಲ್ಲು, ಪಂಪಿನ ದುರಸ್ತಿ, ನೀರುಗಂಟಿಯ ವೇತನ ಎಲ್ಲವೂ ಪಂಚಾಯಿತಿಯ ಹೊಣೆಯಾಗುತ್ತವೆ. ಆದುದರಿಂದ ಪ್ರಾಯೋಗಿಕ ಚಾಲನೆಯ ಅವಧಿಯಲ್ಲಿ ಊರಿನ ಎತ್ತರದ ಮನೆಗೂ ಕೊನೆಯ ಮನೆಗೂ ನೀರು ತಲುಪಿದೆಯೇ, ಅಗೆದ ಬೀದಿ ಸರಿಯಾಗಿದೆಯೇ, ದಾಖಲೆಗಳು ಕೈಸೇರಿವೆಯೇ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಸಹಿ ಮಾಡುವುದು ಕ್ಷೇಮ. ನ್ಯೂನತೆಗಳಿದ್ದಲ್ಲಿ ಅವುಗಳ ಪಟ್ಟಿಯನ್ನು ಲಿಖಿತವಾಗಿ ನಿರ್ವಹಣಾ ಘಟಕಕ್ಕೆ ಕಳುಹಿಸಬೇಕು. ಬಾಯಿಮಾತಿನ ದೂರು ಮರೆತುಹೋಗುತ್ತದೆ. ದಿನಾಂಕವುಳ್ಳ ಪತ್ರಕ್ಕೆ ಉತ್ತರ ಕೇಳಬಹುದು.

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸಂಬಂಧಿಸಿದ 29 ವಿಷಯಗಳಿದ್ದು, ಅವುಗಳಲ್ಲಿ ಕುಡಿಯುವ ನೀರೂ ಒಂದು. ಜಿಲ್ಲೆಯಲ್ಲಿರುವ ನಿರ್ವಹಣಾ ಘಟಕವು ವೇಳಾಪಟ್ಟಿಯನ್ನು ಸಿದ್ಧಪಡಿಸಬಲ್ಲದು. ಆ ಪಟ್ಟಿಯಲ್ಲಿ ಬರೆದದ್ದು ಬೀದಿಯಲ್ಲಿ ನಿಜವಾಗಿದೆಯೇ ಎಂದು ಹೇಳಬೇಕಾದವರು ಗ್ರಾಮ ಪಂಚಾಯಿತಿಯ ಸದಸ್ಯರು. ಈ ಎರಡೂ ಕೂಡಿದಾಗ ಮಾತ್ರ ಕಡತದಲ್ಲಿ ಮುಗಿದ ಕಾಮಗಾರಿ ಊರಿನಲ್ಲಿಯೂ ಮುಗಿಯುತ್ತದೆ.