ಓಮ್ನಿಯ ಸೀಟಿನ ಕೆಳಗಿನ ಪಂಪು



ಪಂಪು ಎಂದರೆ ನಮ್ಮ ಕಡೆ ಒಂದೋ ಬಾವಿಯ ಪಂಪು, ಇಲ್ಲವೇ ರಸ್ತೆ ಬದಿಯ ಪೆಟ್ರೋಲ್ ಪಂಪು. ಈ ಹೊತ್ತು ಇವೆರಡನ್ನೂ ಬಿಟ್ಟು ಮೂರನೆಯದರ ಮಾತು. ಹಳೆಯ ಮಾರುತಿ ವ್ಯಾನಿನಲ್ಲಿ ಟಾಕಿಯ ಪೆಟ್ರೋಲನ್ನು ಎಳೆದು ಕಾರ್ಬೊರೇಟರಿಗೆ ಮುಟ್ಟಿಸುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪಂಪು ಅದು.

1984ರಲ್ಲಿ ಬಂದ ಈ ವ್ಯಾನಿಗೆ 1988ರಲ್ಲಿ ಓಮ್ನಿ ಎಂಬ ಹೆಸರಾಯಿತು. 2019ರಲ್ಲಿ ತಯಾರಿಕೆ ನಿಂತಿತು. ಆದರೂ ಬಿದ್ರಿ, ಕಾಗಲ, ಗಡಹಿಂಗ್ಲಜ ಭಾಗದ ಹಳ್ಳಿಗಳಲ್ಲಿ ಹಳೆಯ ಗಾಡಿಗಳು ಇನ್ನೂ ದುಡಿಯುತ್ತಿವೆ. ಹಿಂದಿನ ಸೀಟು ಬಿಚ್ಚಿ, ಹಾಸಿಗೆ, ಸ್ಟೋವು, ರೊಟ್ಟಿಯ ಗಂಟು ಏರಿಸಿದರೆ ಸವದತ್ತಿಗೋ ಪಂಢರಪುರಕ್ಕೋ ಹೊರಡಲು ಮನೆಯೇ ಸಿದ್ಧವಾದಂತೆ. ಪರದೇಶದವರು ಇಂಥದ್ದನ್ನು ಕ್ಯಾಂಪರ್ ವ್ಯಾನ್ ಎನ್ನುತ್ತಾರೆ. ನಮ್ಮ ಹಿರಿಯರು ಕಮಾನು ಕಟ್ಟಿದ ಬಂಡಿಯಲ್ಲಿ ಮಾಡಿದ್ದೂ ಇದನ್ನೇ.

ಇನ್ನು ತೊಂದರೆಯ ಮಾತು. ನಿಪ್ಪಾಣಿ ದಾಟಿ ತವಂದಿ ಘಾಟ್ ಏರುವಾಗ ಗಾಡಿ ಜಗ್ಗಿ ಜಗ್ಗಿ ನಿಲ್ಲುತ್ತದೆ. ಮಿಸ್ತ್ರಿ ಬಗ್ಗಿ ನೋಡಿ, ‘ಪಂಪ್ ಗೇಲಾ’ ಎನ್ನುತ್ತಾನೆ. ಪಂಪು ಹೋಗಿರಲೂಬಹುದು. ಆದರೆ ಎಷ್ಟೋ ಸಲ ಹೋಗಿರುವುದು ಪಂಪಲ್ಲ, ಪಂಪಿನವರೆಗಿನ ದಾರಿ. ಹೊಸ ಪಂಪಿಗೆ ದುಡ್ಡು ಎಣಿಸುವ ಮೊದಲು ಆ ದಾರಿಯನ್ನು ನೀವೇ ನೋಡಿಕೊಳ್ಳಿರಿ.

ಮೊದಲು ಟಾಕಿಯ ಮುಚ್ಚಳ. ಪೆಟ್ರೋಲ್ ಖಾಲಿಯಾದಷ್ಟೂ ಒಳಗೆ ಗಾಳಿ ಬರಬೇಕು. ಗಾಳಿಯ ದಾರಿ ಕಟ್ಟಿದ್ದರೆ ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬಾರದು. ಮುಚ್ಚಳ ತೆರೆದಾಗ ‘ಸುಸ್ಸ್’ ಎಂದು ಗಾಳಿ ಒಳನುಗ್ಗಿ, ಆಮೇಲೆ ಗಾಡಿ ಸರಿಯಾಗಿ ಓಡಿದರೆ ರೋಗ ಸಿಕ್ಕಿತು. ಆಮೇಲೆ ಫಿಲ್ಟರ್. ಅದು ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಿರಿ, ಅಗ್ಗದ ಸಾಮಾನು. ಅದಾದ ಮೇಲೆ ಟಾಕಿಯಿಂದ ಪಂಪಿಗೆ ಬರುವ ರಬ್ಬರ್ ನಳಿ. ಇದರ ಗುಣ ವಿಚಿತ್ರ. ಇದರಲ್ಲಿ ಬಿರುಕಿದ್ದರೆ ಪೆಟ್ರೋಲ್ ಹನಿ ಕೂಡ ತೊಟ್ಟಿಕ್ಕದಿರಬಹುದು. ಪಂಪು ಎಳೆಯುವಾಗ ಬಿರುಕಿನಿಂದ ಗಾಳಿ ಒಳಗೆ ಹೋಗುತ್ತದೆ, ಅಷ್ಟೇ. ನೆಲ ಒಣಗಿದೆ ಎಂದು ನಂಬಬೇಡಿರಿ. ನಳಿಯನ್ನು ಬೆರಳಲ್ಲಿ ಮಡಿಚಿ ನೋಡಿರಿ.

ಬೇಸಿಗೆಯದು ಬೇರೆ ಕಥೆ. ಓಮ್ನಿಯ ಇಂಜಿನ್ ಮುಂದಿನ ಸೀಟುಗಳ ಕೆಳಗೇ ಇದೆ. ಪಂಪು ಕೂತಿರುವುದು ಆ ಇಂಜಿನ್ನಿನ ಮೇಲೆ. ಏಪ್ರಿಲ್ ಬಿಸಿಲಲ್ಲಿ ಘಾಟ್ ಏರಿ ಚಹಾಕ್ಕೆಂದು ನಿಲ್ಲಿಸಿದಿರಿ ಎನ್ನಿ, ನಳಿಯೊಳಗಿನ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಆವಿಯನ್ನು ಈ ಪಂಪು ಎಳೆಯಲಾರದು. ಅರ್ಧ ಗಂಟೆ ನೆರಳಲ್ಲಿ ಬಿಟ್ಟರೆ ತಾನೇ ಚಾಲೂ ಆಗುತ್ತದೆ. ಅವಸರವಿದ್ದರೆ ಒದ್ದೆ ಬಟ್ಟೆ ಹಿಂಡಿ ಪಂಪಿನ ಮೇಲೆ ಹಾಕಿರಿ, ಕೊಡದಿಂದ ನೀರು ಸುರಿಯಬೇಡಿರಿ. ತಂಪಾದ ಮೇಲೆ ಓಡುವ ಗಾಡಿಗೆ ಹೊಸ ಪಂಪು ಹಾಕಿಸಿದರೂ ಮುಂದಿನ ಘಾಟಿನಲ್ಲಿ ಅದೇ ಹಾಡು.

ಇಷ್ಟಾದರೂ ಬಗೆಹರಿಯದಿದ್ದರೆ ಪಂಪಿನ ಪರೀಕ್ಷೆ. ಇಂಜಿನ್ ತಣ್ಣಗಿರಬೇಕು, ಜಾಗ ಬಯಲಾಗಿರಬೇಕು, ಹತ್ತಿರ ಬೀಡಿ, ಸ್ಟೋವು ಇರಬಾರದು. ಕಿಡಿ ಹುಟ್ಟದಂತೆ ಇಗ್ನಿಷನ್ ಕಾಯಿಲಿಗೆ ಬರುವ ಸಣ್ಣ ತಂತಿಯನ್ನು ಬಿಚ್ಚಿರಿ. ಕಾರ್ಬೊರೇಟರಿನ ಬಳಿ ನಳಿ ಕಳಚಿ ಅದರ ತುದಿಯನ್ನು ಬಾಟಲಿಯಲ್ಲಿ ಇಡಿರಿ. ಒಬ್ಬರು ಒಂದೆರಡು ಕ್ಷಣ ಸೆಲ್ಫ್ ಹೊಡೆಯಲಿ. ಪೆಟ್ರೋಲ್ ಹಸುವಿನ ಹಾಲು ಕರೆದಂತೆ ಚಿರ್ ಚಿರ್ ಎಂದು ಬಿಟ್ಟು ಬಿಟ್ಟು ಚಿಮ್ಮಿದರೆ ಪಂಪು ಗಟ್ಟಿಯಾಗಿದೆ, ತಪ್ಪು ಬೇರೆಲ್ಲೋ ಇದೆ. ದಾರಿಯೆಲ್ಲ ಸರಿಯಿದ್ದೂ ಚಿಮ್ಮದಿದ್ದರೆ ಮಾತ್ರ ಮಿಸ್ತ್ರಿಯ ಮಾತು ನಿಜ. ಬಾಯಿಂದ ಪೆಟ್ರೋಲ್ ಎಳೆಯುವ ಚಾಳಿ ನಮ್ಮಲ್ಲಿ ಬಹಳ. ಗುಟುಕು ತಪ್ಪಿ ಪುಪ್ಪುಸಕ್ಕೆ ಇಳಿದರೆ ಆಸ್ಪತ್ರೆಯೇ ಗತಿ.

ಈಗ ಹೇಳುವುದನ್ನು ಮಾತ್ರ ಗಮನವಿಟ್ಟು ಕೇಳಿರಿ. ಪಂಪಿನೊಳಗೆ ಡಯಾಫ್ರಾಮ್ ಎಂಬ ರಬ್ಬರಿನಂಥ ಪರದೆ ಇದೆ. ಇಂಜಿನ್ನಿನ ಕ್ಯಾಮ್ ಒಂದು ಕೈಯನ್ನು ತಳ್ಳಿದಾಗ ಪರದೆ ಕೆಳಗಿಳಿದು ಪೆಟ್ರೋಲ್ ಎಳೆಯುತ್ತದೆ. ಸ್ಪ್ರಿಂಗು ಅದನ್ನು ಮೇಲಕ್ಕೆ ದಬ್ಬುತ್ತದೆ. ಪರದೆ ಹರಿದರೆ ಪೆಟ್ರೋಲ್ ಹೊರಗೆ ಸೋರಬಹುದು, ಇಲ್ಲವೇ ಇಂಜಿನ್ನಿನ ಒಳಗೆ ಇಳಿದು ಆಯಿಲಿಗೆ ಬೆರೆಯಬಹುದು. ಆಗಲೂ ಗಾಡಿ ಹೇಗೋ ಓಡುತ್ತಿರುತ್ತದೆ, ಅದೇ ಮೋಸ. ಆಯಿಲ್ ನೋಡುವ ಕಡ್ಡಿ ಎಳೆದು ಮೂಸಿರಿ. ಪೆಟ್ರೋಲ್ ನಾರಿದರೆ, ಹಾಕದೆಯೇ ಆಯಿಲಿನ ಮಟ್ಟ ಏರಿದ್ದರೆ, ಅಲ್ಲಿಗೇ ಗಾಡಿ ನಿಲ್ಲಿಸಿರಿ. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿಂದು ಹಾಕುತ್ತದೆ. ಆವಿ ಹೊತ್ತಿಕೊಂಡರೆ ಮೇಲೆ ಸೀಟಿನಲ್ಲಿ ಕೂತವರು ಮಕ್ಕಳು. ವ್ಯಾನಿನಲ್ಲಿ ಪೆಟ್ರೋಲ್ ವಾಸನೆ ಬಂದ ದಿನ ಒಳಗೆ ಸ್ಟೋವು ಹಚ್ಚುವುದೂ ಬೇಡ, ಮಲಗುವುದೂ ಬೇಡ. ಪಂಪು ಬದಲಿಸಿದ ಮೇಲೆ ಆಯಿಲನ್ನೂ ಫಿಲ್ಟರನ್ನೂ ಬದಲಿಸಲೇಬೇಕು.

ಪರದೆ ಬೇಗ ಹಾಳಾಗಲು ಈಗ ಇನ್ನೊಂದು ಕಾರಣವೂ ಸೇರಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ನೂರಕ್ಕೆ 20ಕ್ಕೆ ಮುಟ್ಟಿತು. ನಮ್ಮ ಹೊಲದ ಕಬ್ಬೇ ಹೀಗೆ ಟಾಕಿಗೆ ಬರುವುದಾದರೆ ರೈತನಿಗೆ ಒಳ್ಳೆಯದೇ. ಆದರೆ ಹಳೆಯ ಗಾಡಿಯ ರಬ್ಬರು ಅದಕ್ಕೆಂದು ಮಾಡಿದ್ದಲ್ಲ, ಉಬ್ಬುತ್ತದೆ, ಬಿರಿಯುತ್ತದೆ. ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ಟಾಕಿಯ ತಳದ ಕಸವನ್ನು ಎಬ್ಬಿಸಿ ಫಿಲ್ಟರಿಗೆ ತರುತ್ತದೆ. ನಳಿ ಕೊಳ್ಳುವಾಗ ಎಥೆನಾಲ್ ತಾಳುವಂಥದ್ದನ್ನೇ ಕೇಳಿರಿ, ಎರಡೂ ಭಾಷೆಯಲ್ಲಿ ಕೇಳಿರಿ. ಮಳೆಗಾಲವೆಲ್ಲ ಗಾಡಿ ನಿಂತಿದ್ದರೆ ಹಳೆಯ ಪೆಟ್ರೋಲ್ ತೆಗೆಸಿಬಿಡಿರಿ.

ಪಂಪು ಕೂರಿಸುವಾಗ ಇಂಜಿನ್ನಿಗೂ ಪಂಪಿಗೂ ನಡುವೆ ದಪ್ಪ ಬಿಲ್ಲೆಯಿದ್ದರೆ ಅದನ್ನು ಎಸೆಯಲು ಬಿಡಬೇಡಿರಿ. ಅದು ಕಾವನ್ನು ತಡೆಯುತ್ತದೆ, ಪಂಪಿನ ಕೈ ಎಷ್ಟು ಆಡಬೇಕೆಂಬುದನ್ನೂ ಕಾಯುತ್ತದೆ.

ಕಾರ್ಬೊರೇಟರ್ ಇಲ್ಲದ, ಆಮೇಲಿನ ಓಮ್ನಿಗಳಲ್ಲಿ ಪಂಪು ವಿದ್ಯುತ್ತಿನದು, ಟಾಕಿಯ ಒಳಗೇ ಮುಳುಗಿರುತ್ತದೆ. ಕೀಲಿ ತಿರುವಿದಾಗ ಒಂದೆರಡು ಕ್ಷಣ ‘ಗುಂಯ್’ ಎನ್ನಬೇಕು. ಅನ್ನದಿದ್ದರೆ ಮೊದಲು ಫ್ಯೂಸ್ ನೋಡಿರಿ. ಆ ಗಾಡಿಯ ನಳಿಯಲ್ಲಿ ಒತ್ತಡ ಬಹಳ. ರಸ್ತೆ ಬದಿಯಲ್ಲಿ ಕಳಚಲು ಹೋಗಬೇಡಿರಿ. ಟಾಕಿಯನ್ನು ತಳಮಟ್ಟಕ್ಕೆ ಓಡಿಸುವ ಅಭ್ಯಾಸವೂ ಬೇಡ. ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ.