ಸ್ಪ್ಯಾನಿಷ್ ನುಡಿಯ 'ಇಲ್ಲ'
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಸ್ಪೇನಿನಲ್ಲಿಯೂ ಮೆಕ್ಸಿಕೋ ಮೊದಲಾದ ಹಲವು ದೇಶಗಳಲ್ಲಿಯೂ ಜನರು ಆಡುವ ನುಡಿ ಸ್ಪ್ಯಾನಿಷ್. ಆ ನುಡಿಯಲ್ಲಿ 'ಇಲ್ಲ' ಎನ್ನುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ.

'ಏನೂ ಇಲ್ಲ' ಎಂಬುದಕ್ಕೆ ಅವರು 'ನಾದಾ' ಎನ್ನುತ್ತಾರೆ. ಇದರ ಮೂಲ ಲ್ಯಾಟಿನ್ನಿನ 'ರೇಸ್ ನಾತಾ'. ಅರ್ಥ 'ಹುಟ್ಟಿದ ವಸ್ತು'. 'ಹುಟ್ಟಿದ ಒಂದು ವಸ್ತುವೂ ಇಲ್ಲ' ಎಂದು ಒತ್ತಿ ಹೇಳುತ್ತ ಹೇಳುತ್ತ ಮೊದಲ ಪದ ಉದುರಿಹೋಯಿತು. 'ಹುಟ್ಟಿದ್ದು' ಎಂಬ ಪದವೇ 'ಇಲ್ಲದ್ದು' ಎಂದಾಯಿತು! 'ಯಾರೂ ಇಲ್ಲ' ಎಂಬ ಅರ್ಥದ 'ನಾದ್ಯೆ' ಪದವೂ ಅದೇ ಬೇರಿನಿಂದ ಬಂದದ್ದು.

ಎರಡು 'ಇಲ್ಲ' ಸೇರಿದರೆ 'ಉಂಟು' ಆಗುತ್ತದೆಂದು ಇಂಗ್ಲಿಷ್ ತರಗತಿಯಲ್ಲಿ ಕಲಿತೆವು. ಸ್ಪ್ಯಾನಿಷ್ ಇದನ್ನು ಒಪ್ಪದು. 'ನೊ ತೆಂಗೊ ನಾದಾ' ಎಂದರೆ 'ನನ್ನಲ್ಲಿ ಏನೂ ಇಲ್ಲ'. 'ನೊ' ಎಂಬುದೂ ಇಲ್ಲ, 'ನಾದಾ' ಎಂಬುದೂ ಇಲ್ಲ. ಎರಡೂ ಸೇರಿ 'ಇಲ್ಲ'ವೇ ಗಟ್ಟಿಯಾಗುತ್ತದೆ. ಕ್ರಿಯಾಪದಕ್ಕಿಂತ ಮೊದಲೇ ಇಂಥ ಪದ ಬಂದರೆ ಮಾತ್ರ 'ನೊ' ಬೇಡ: 'ನಾದ್ಯೆ ಬಿನೊ', ಯಾರೂ ಬರಲಿಲ್ಲ. ನಮ್ಮ 'ಏನೂ', 'ಯಾರೂ' ಎಲ್ಲಿದ್ದರೂ ಅವಕ್ಕೆ ಬೇರೊಂದು 'ಇಲ್ಲ' ಬೇಕೇ ಬೇಕು.

ಇನ್ನೆರಡು ಮಾತು ನೆನಪಿಡತಕ್ಕವು. 'ಗ್ರಾಸಿಯಾಸ್' ಎಂದು ಕೃತಜ್ಞತೆ ಹೇಳಿದವರಿಗೆ ಮರುಮಾತು 'ದೆ ನಾದಾ'. ನಾನು ಮಾಡಿದ್ದು ಏನೂ ಅಲ್ಲ ಎಂಬ ಭಾವ. ಇದು ವಿನಯ. ಇನ್ನೊಂದು 'ನಿಂಗುನೆಯಾರ್'. 'ಒಬ್ಬನೂ ಇಲ್ಲ' ಎಂಬ ಅರ್ಥದ 'ನಿಂಗುನೊ' ಪದದಿಂದ ಹುಟ್ಟಿದ ಕ್ರಿಯಾಪದವಿದು. ಎದುರಿಗಿದ್ದವನನ್ನು ಇಲ್ಲದವನಂತೆ ಕಾಣುವುದೆಂದು ಅರ್ಥ. ಇದು ಅವಮಾನ.

1962ರಿಂದ 1968ರವರೆಗೆ ದಿಲ್ಲಿಯಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಒಕ್ತಾವಿಯೊ ಪಾಸ್, 1950ರಲ್ಲಿ ಪ್ರಕಟವಾದ ತಮ್ಮ ಪ್ರಬಂಧ ಗ್ರಂಥದಲ್ಲಿ ಈ ನಡತೆಯನ್ನು ಬಿಡಿಸಿ ತೋರಿಸಿದ್ದಾರೆ. ಒಮ್ಮೆ ಪಕ್ಕದ ಕೋಣೆಯಲ್ಲಿ ಸದ್ದಾಗಲು ಯಾರೆಂದು ಕೇಳಿದರಂತೆ. ಹಳ್ಳಿಯಿಂದ ಹೊಸದಾಗಿ ಬಂದಿದ್ದ ಕೆಲಸದಾಕೆ, ಯಾರೂ ಅಲ್ಲ, ತಾನೇ ಎಂದಳಂತೆ. ತನ್ನನ್ನು ತಾನೇ ಲೆಕ್ಕದಿಂದ ಕಳೆದುಕೊಂಡಿದ್ದಳು!

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಆ ಹೆಣ್ಣುಮಗಳು ದೂರದವಳಲ್ಲ. ನಾವು ಮಾಡಿದ ಉಪಕಾರವನ್ನು 'ಏನೂ ಅಲ್ಲ' ಎನ್ನೋಣ. ಆದರೆ ಯಾವ ಮನುಷ್ಯನನ್ನೂ 'ಯಾರೂ ಅಲ್ಲ' ಎನ್ನದಿರೋಣ, ನಮ್ಮನ್ನೂ ಸಹ. ಯಾರೆಂದು ಕೇಳಿದರೆ ಹೆಸರು ಹೇಳೋಣ.